ಇವತ್ತು ರಾತ್ರಿಗೆ ಮದ್ದು ಪುಟ್ಟು, ಅಕ್ಕಿ ಒಟ್ಟಿ, ಬೈಂಬಳೆ ಕರಿ

"ಇವತ್ತು ರಾತ್ರಿ ಊಟಕ್ಕೆ ಏನು? ಒಬ್ಬರೇ ಇರುವವರು ಏನು ಮಾಡಿಕೊಳ್ಳುತ್ತೀರಿ?" ಅಂತ ಕೇಳಿದ್ದೀರಿ. ಎರಡನೇ ಸಾಲು ನೋಡಿ ಬರೆಯಲು ಕೂತೆ. ನಾನೂ ಒಬ್ಬಳೇ ಇರುವವಳು. ಒಲೆಯ ಕೆಲಸ ಈಗಷ್ಟೇ ಮುಗಿಯಿತು. ಪುಟ್ಟು, ಅಂದರೆ ಸೊಪ್ಪಿನ ರಸದಲ್ಲಿ ಅಕ್ಕಿ ತರಿ ಬೇಯಿಸಿದ ಸಿಹಿ, ತಟ್ಟೆಯಲ್ಲಿ ಆರುತ್ತಿದೆ. ಅದು ಗಟ್ಟಿಯಾಗಲು ಇನ್ನೂ ಅರ್ಧ ಗಂಟೆ ಬೇಕು.

ನಾನಿರುವುದು ಕೊಡಗಿನ ಮೂರ್ನಾಡಿನ ಹತ್ತಿರ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕಾಫಿ ತೋಟದ ನಡುವೆ ಒಂದು ಹಳೆಯ ಮನೆ. ಅದರ ಪಕ್ಕದಲ್ಲೇ ಇರುವ ಎರಡು ಕೋಣೆ ನನಗೆ ಬಾಡಿಗೆಗೆ ಸಿಕ್ಕಿದೆ. ದೊಡ್ಡ ಮನೆಯಲ್ಲಿ ಇರುವುದು ಎಪ್ಪತ್ತು ದಾಟಿದ ಒಬ್ಬ ಅಮ್ಮ. ಅವರ ಮಕ್ಕಳೆಲ್ಲ ಬೆಂಗಳೂರಲ್ಲಿ. ಇವತ್ತಿನ ನನ್ನ ಊಟದಲ್ಲಿ ಅರ್ಧ ಅವರು ಕೊಟ್ಟಿದ್ದು, ಇನ್ನರ್ಧ ಮಾಡಲು ಕಲಿಸಿದ್ದೂ ಅವರೇ.

ಇವತ್ತು ಆಗಸ್ಟ್ 3. ಬೇರೆ ಕಡೆ ಇದು ಸುಮ್ನೆ ಒಂದು ತಾರೀಖು. ಇಲ್ಲಿ ಇವತ್ತು ಕಕ್ಕಡ ಪದಿನೆಟ್ಟ್, ಅಂದರೆ ಕಕ್ಕಡ ತಿಂಗಳ ಹದಿನೆಂಟನೇ ದಿನ. ಕಕ್ಕಡ ಶುರುವಾಗುವುದು ಜುಲೈ ಮಧ್ಯದಲ್ಲಿ. ವರ್ಷದ ಮಳೆಯಲ್ಲಿ ದೊಡ್ಡ ಪಾಲು ಬೀಳುವುದು ಈ ಸಮಯದಲ್ಲೇ. ಮದುವೆ ಮುಂಜಿ ಏನೂ ಇಲ್ಲ. ಗದ್ದೆಯಲ್ಲಿ ನಾಟಿ ನಡೆಯುತ್ತಿರುತ್ತದೆ. ಅರೆಭಾಷೆಯ ಗೌಡರ ಮನೆಗಳಲ್ಲಿ ಇದೇ ತಿಂಗಳಿಗೆ ಆಟಿ ಅಂತಾರೆ. ಎರಡೂ ಕಡೆ ಇವತ್ತು ಒಂದೇ ಸೊಪ್ಪು ಒಲೆ ಮೇಲೆ ಇರುತ್ತದೆ. ಕೊಡವರು ಮದ್ದು ತೊಪ್ಪು ಅಂತಾರೆ, ಗೌಡರು ಆಟಿ ಸೊಪ್ಪು ಅಂತಾರೆ. ಸಸ್ಯಶಾಸ್ತ್ರದಲ್ಲಿ ಇದು ಜಸ್ಟಿಸಿಯಾ ವೈನಾಡೆನ್ಸಿಸ್. ಪಕ್ಕದ ವಯನಾಡಿನ ಹೆಸರೇ ಇದಕ್ಕೆ ಸೇರಿಕೊಂಡಿದೆ. ತೋಟದ ಅಂಚಿನಲ್ಲಿ, ನೆರಳಿನಲ್ಲಿ, ತೇವ ಇರುವ ಕಡೆ ಬೆಳೆಯುವ ಗಿಡ.

ಕಕ್ಕಡ ಶುರುವಾದ ದಿನದಿಂದ ದಿನಕ್ಕೊಂದರಂತೆ ಈ ಗಿಡಕ್ಕೆ ಔಷಧದ ಗುಣ ಸೇರುತ್ತಾ ಹೋಗುತ್ತದಂತೆ. ಹದಿನೆಂಟನೇ ದಿನಕ್ಕೆ ಹದಿನೆಂಟೂ ತುಂಬಿಕೊಳ್ಳುತ್ತವಂತೆ. ಮಕ್ಕಳಿಗೆ ನಾನು ಇದನ್ನು ನಂಬಿಕೆ ಅಂತಲೇ ಹೇಳುತ್ತೇನೆ. ಆದರೆ ಸೊಪ್ಪು ಕುದಿಯುವಾಗ ಬರುವ ವಾಸನೆ ಇದೆಯಲ್ಲ, ಅದು ಯಾರ ನಂಬಿಕೆಯನ್ನೂ ಕೇಳುವುದಿಲ್ಲ. ಮನೆಯ ಹೊರಗೆ ಹತ್ತು ಹೆಜ್ಜೆ ದೂರಕ್ಕೂ ಗೊತ್ತಾಗುತ್ತದೆ. ಮಳೆಯಲ್ಲಿ ನೆನೆದ ಹುಲ್ಲು, ಸ್ವಲ್ಪ ಬೆಲ್ಲ, ಸ್ವಲ್ಪ ಕಷಾಯ, ಎಲ್ಲ ಸೇರಿದ ಹಾಗೆ. ಮೊದಲ ವರ್ಷ ನನಗೆ ಇಷ್ಟವಾಗಲಿಲ್ಲ. ಈಗ ಜುಲೈ ಬಂದರೆ ಕಾಯುತ್ತೇನೆ.

ನಿನ್ನೆ ಶಾಲೆಯಿಂದ ಬಂದಾಗ ನನ್ನ ಬಾಗಿಲ ಹತ್ತಿರ ಬಾಳೆನಾರಲ್ಲಿ ಕಟ್ಟಿದ ಒಂದು ಕಟ್ಟು ಸೊಪ್ಪು ಇತ್ತು. ಅಮ್ಮ ಕಿಟಕಿಯಿಂದಲೇ ಕೂಗಿದರು. "ಟೀಚರೇ, ನಾಳೆ ಪದಿನೆಟ್ಟ್. ರಾತ್ರಿಯೇ ಬೇಯಿಸಿ ಇಡಿ. ಬಣ್ಣ ಚೆನ್ನಾಗಿ ಬಿಡ್ತದೆ." ಹಾಗೇ ಮಾಡಿದೆ. ಸೊಪ್ಪನ್ನೂ ಎಳೆ ದಂಟನ್ನೂ ತೊಳೆದು, ಹೆಚ್ಚಿ, ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ ಕುದಿಸಿದೆ. ಮೊದಲು ನೀರು ಹಸಿರು. ಆಮೇಲೆ ನಿಧಾನವಾಗಿ ನೇರಳೆಗೆ ತಿರುಗಿತು. ಅರ್ಧ ಗಂಟೆ ಬಿಟ್ಟು ನೋಡಿದರೆ ನೇರಳೆ ಹಣ್ಣಿನ ರಸದ ಬಣ್ಣ. ಇಷ್ಟು ವರ್ಷ ನೋಡಿದರೂ ಆ ಬಣ್ಣ ತಿರುಗುವ ಹೊತ್ತಿಗೆ ಒಲೆ ಬಿಟ್ಟು ಕದಲಲು ಮನಸ್ಸಾಗುವುದಿಲ್ಲ.

ಸಾಮಾನ್ಯವಾಗಿ ಬೆಳಿಗ್ಗೆಯೇ ತಿನ್ನುತ್ತಾರೆ. ನನಗೆ ಎಂಟಕ್ಕೆ ಬಸ್ಸು. ಅದಕ್ಕೆ ಅಮ್ಮ ಒಂದು ಲೋಟ ಪಾಯಸ ಕೊಟ್ಟರು, ಕುಡಿದು ಓಡಿದೆ. ನನ್ನ ಪಾಲಿನ ರಸವನ್ನು ಸಂಜೆಗೆ ಇಟ್ಟುಕೊಂಡೆ. ಈಗ ಮಾಡಿದ್ದು ಮದ್ದು ಪುಟ್ಟು. ನಮ್ಮ ಲೆಕ್ಕ ಹೇಳುತ್ತೇನೆ. ಒಂದು ಲೋಟ ಅಕ್ಕಿ ತರಿಗೆ ಮೂರು ಲೋಟ ಸೋಸಿದ ರಸ. ಮುಕ್ಕಾಲು ಲೋಟ ಬೆಲ್ಲ, ಒಂದು ಹಿಡಿ ಕಾಯಿತುರಿ, ಎರಡು ಏಲಕ್ಕಿ, ಚಿಟಿಕೆ ಉಪ್ಪು. ರಸ ಕುದಿ ಬಂದ ಮೇಲೆ ಬೆಲ್ಲ ಕರಗಿಸಿ, ತರಿಯನ್ನು ಉದುರಿಸುತ್ತಾ ಕೈಬಿಡದೆ ತಿರುವಬೇಕು. ಉರಿ ಸಣ್ಣಗಿರಲಿ. ತರಿ ಬೆಂದು ಪಾತ್ರೆ ಬಿಡಲು ಶುರುವಾದಾಗ ತುಪ್ಪ ಸವರಿದ ತಟ್ಟೆಗೆ ಸುರಿದು ತಟ್ಟಿ ಬಿಡುವುದು. ಆರಿದ ಮೇಲೆ ಕತ್ತರಿಸಿ ಮೇಲೆ ತುಪ್ಪ, ಜೇನು. ಜೇನು ಇಲ್ಲಿಯ ತೋಟದ್ದೇ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಇದನ್ನು ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ. ಸೊಪ್ಪಿನ ಬಣ್ಣ ಅದು, ಹೆದರಬೇಕಾಗಿಲ್ಲ. ನಾನು 2014ರಲ್ಲಿ ಇಲ್ಲಿಗೆ ಬಂದಾಗ ಯಾರೂ ಹೇಳಿರಲಿಲ್ಲ. ಮರುದಿನ ಬೆಳಿಗ್ಗೆ ನಡುಗಿಹೋಗಿದ್ದೆ. ಶಾಲೆಯಲ್ಲಿ ಜೊತೆಯ ಟೀಚರ್ ಹತ್ತಿರ ಮೆಲ್ಲಗೆ ಹೇಳಿದೆ. ಅವರು ಕೈ ಹಿಡಿದು, "ಮದ್ದು ತಿಂದಿರಾ? ಹಾಗಾದ್ರೆ ಸರಿಯಾಗಿಯೇ ಉಂಟು" ಅಂದರು. ಅವತ್ತಿನಿಂದ ಹೊಸದಾಗಿ ಬರುವ ಎಲ್ಲರಿಗೂ ಇದನ್ನು ಹೇಳುವ ಕೆಲಸ ನನ್ನದು.

ಇನ್ನು ಅಕ್ಕಿ ಒಟ್ಟಿ, ಬೈಂಬಳೆ ಕರಿ. ಸಿಹಿ ಒಂದರಲ್ಲೇ ರಾತ್ರಿ ಕಳೆಯುವುದಿಲ್ಲ ಅಲ್ವಾ.

ಬೈಂಬಳೆ ಅಂದರೆ ಎಳೆ ಬಿದಿರು. ಕಳಲೆ ಅನ್ನಿ, ಕಣಿಲೆ ಅನ್ನಿ. ಮಳೆ ಹಿಡಿದ ಮೇಲೆ ಬಿದಿರು ಮೆಳೆಯ ಬುಡದಿಂದ ಕೊಂಬಿನ ಹಾಗೆ ಮೇಲೆ ಬರುತ್ತದೆ. ಮೊಳಕೆ ಎಳೆಯದಾಗಿರುವಾಗಲೇ ತೆಗೆಯಬೇಕು. ಬಲಿತರೆ ನಾರು. ಮೀಸಲು ಕಾಡಿನಿಂದ ಕೀಳುವ ಹಾಗಿಲ್ಲ. ನಮಗೆ ತೋಟದ ಅಂಚಲ್ಲೇ ಒಂದು ಮೆಳೆ ಇದೆ. ಅದರಲ್ಲೂ ವರ್ಷಕ್ಕೆ ಎರಡೋ ಮೂರೋ ಮಾತ್ರ ತೆಗೆಯಲು ಅಮ್ಮ ಬಿಡುತ್ತಾರೆ. ಹೆಬ್ಬಿದಿರು ಹೂ ಬಿಡುವುದು ಸುಮಾರು 40–45 ವರ್ಷಕ್ಕೊಮ್ಮೆ. ಹೂ ಬಿಟ್ಟು ಅಕ್ಕಿಯಂಥ ಬೀಜ ಉದುರಿಸಿ ಇಡೀ ಮೆಳೆ ಒಣಗಿ ಹೋಗುತ್ತದೆ. ಒಂದು ಮೆಳೆ ಹೋದರೆ ಮತ್ತೆ ಅಷ್ಟು ಎತ್ತರ ಬರಲು ವರ್ಷಗಳು ಬೇಕು. ಅದಕ್ಕೇ ಅವರ ಈ ಲೆಕ್ಕ. ನನಗೂ ಸರಿ ಅನಿಸುತ್ತದೆ.

ಬೈಂಬಳೆಯನ್ನು ತಂದ ದಿನವೇ ಬೇಯಿಸಿ ತಿನ್ನಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಒಂದು ಅಂಶ ಇರುತ್ತದೆ. ಆ ಕಹಿ ಅದರದ್ದೇ. ಮೇಲಿನ ಸಿಪ್ಪೆಗಳನ್ನು ಒಂದೊಂದಾಗಿ ಬಿಡಿಸಿ, ಒಳಗಿನ ಬಿಳಿ ತಿರುಳನ್ನು ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೀರಲ್ಲಿ ಹಾಕಿಡಬೇಕು. ದಿನಾ ನೀರು ಬದಲಾಯಿಸಬೇಕು. ಆಮೇಲೆ ಚೆನ್ನಾಗಿ ಕುದಿಸಿ ಆ ನೀರನ್ನೂ ಚೆಲ್ಲಬೇಕು. ಹಳಬರು ಸಯನೈಡ್ ಅನ್ನುವ ಹೆಸರು ಕೇಳಿರಲಿಲ್ಲ. ಆದರೆ ಈ ಕ್ರಮ ಒಂದು ದಿನವೂ ತಪ್ಪಿಸಿರಲಿಲ್ಲ. ಹತ್ತನೇ ತರಗತಿಗೆ ಇದನ್ನೇ ಉದಾಹರಣೆ ಕೊಟ್ಟು ಪಾಠ ಮಾಡುತ್ತೇನೆ. ಮಕ್ಕಳು ಮನೆಗೆ ಹೋಗಿ ಅಜ್ಜಿಗೆ ಹೇಳುತ್ತಾರೆ. ಅಜ್ಜಿಯರಿಗೆ ಬಹಳ ಸಂತೋಷವಾಗುತ್ತದೆ.

ನನ್ನ ಬೈಂಬಳೆ ಮೂರು ದಿನ ನೆನೆದಿತ್ತು. ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಬೈಂಬಳೆ ಹಾಕಿ, ಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಒಣಮೆಣಸು, ಅರಿಶಿನ ಅರೆದು ಹಾಕಿದೆ. ಸಾಸಿವೆ ಒಗ್ಗರಣೆ. ಅಷ್ಟೇ. ನೆನೆದ ಬೈಂಬಳೆಗೆ ತನ್ನದೇ ಒಂದು ಹುಳಿ ಇರುತ್ತದೆ, ಬೇರೆ ಹುಳಿ ಹಿಂಡಬೇಕಿಲ್ಲ.

ಹುಳಿ ಅಂದಾಗ ನೆನಪಾಯಿತು. ಕೊಡಗು ಅಂದ ತಕ್ಷಣ ಎಲ್ಲರೂ ಪಂದಿ ಕರಿ, ಅಂದರೆ ಹಂದಿ ಮಾಂಸದ ಕರಿ, ಕೇಳುತ್ತಾರೆ. ನಾನು ತಿನ್ನುತ್ತೇನೆ, ಇಷ್ಟ. ಇವತ್ತು ಮಾಡಿಲ್ಲ. ಆದರೆ ಅದಕ್ಕೆ ಬೇಕಾದ ಕಾಚಂಪುಳಿ ಈಗ ಹಿತ್ತಲಲ್ಲಿ ತಯಾರಾಗುತ್ತಿದೆ. ಪಣಪುಳಿ ಹಣ್ಣು, ನಾವು ಉಪ್ಪಾಗೆ ಅನ್ನುತ್ತೇವಲ್ಲ, ಅದು ಈ ಮಳೆಯಲ್ಲೇ ಹಣ್ಣಾಗಿ ಉದುರುವುದು. ಅಮ್ಮ ಅದನ್ನು ಬುಟ್ಟಿಗೆ ತುಂಬಿ, ಕೆಳಗೆ ಪಾತ್ರೆ ಇಟ್ಟು ಬಿಟ್ಟಿದ್ದಾರೆ. ಕೊಳೆಯುತ್ತಾ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಗಂಟೆಗಟ್ಟಲೆ ಕುದಿಸಿದರೆ ಕಪ್ಪಗೆ ಮಂದವಾಗುತ್ತದೆ. ಒಂದು ಬಾಟಲಿ ಮಾಡಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಚಮಚ ಸಾಕು, ಇಡೀ ಪಾತ್ರೆಗೆ ಹುಳಿ ಹಿಡಿಯುತ್ತದೆ.

ಒಟ್ಟಿ ನಮ್ಮ ಕಡೆಯ ರೊಟ್ಟಿಯ ಹಾಗಲ್ಲ. ಮಧ್ಯಾಹ್ನದ ಅನ್ನವನ್ನು ಬಿಸಿನೀರು ಚಿಮುಕಿಸಿ ನುಣ್ಣಗೆ ಹಿಸುಕಿ, ಅಕ್ಕಿ ಹಿಟ್ಟು ಸೇರಿಸಿ ನಾದಬೇಕು. ನಾದುವುದರಲ್ಲೇ ಎಲ್ಲ ಇದೆ. ತೆಳ್ಳಗೆ ಲಟ್ಟಿಸಿ, ಕಾವಲಿಯಲ್ಲಿ ಎರಡೂ ಕಡೆ ಬಾಡಿಸಿ, ಕೊನೆಗೆ ನೇರ ಕೆಂಡದ ಮೇಲೆ. ಉಬ್ಬಿದರೆ ಗೆದ್ದ ಹಾಗೆ. ಇವತ್ತು ಆರು ಮಾಡಿದೆ, ಐದು ಉಬ್ಬಿತು.

ನಾನು ಹುಟ್ಟಿದ್ದು ಪಿರಿಯಾಪಟ್ಟಣದ ಕಡೆ. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಕೊಪ್ಪ, ಅಲ್ಲಿಂದಲೇ ನಮ್ಮ ತಾಲ್ಲೂಕು. ಬಸ್ಸಲ್ಲಿ ಎರಡು ಗಂಟೆಯ ದಾರಿ. ಆದರೆ ಊಟ ಪೂರ್ತಿ ಬೇರೆ. ಅಲ್ಲಿ ಮುದ್ದೆ, ಉಪ್ಸಾರು. ಮೊದಲ ಮಳೆಗಾಲದಲ್ಲಿ ನಾನು ಇಲ್ಲಿ ದಿನಾ ಅಳುತ್ತಿದ್ದೆ. ಬಟ್ಟೆ ಒಣಗುವುದಿಲ್ಲ. ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಶಾಲೆಯಿಂದ ಬಂದು ಅನ್ನಕ್ಕೆ ಉಪ್ಪಿನಕಾಯಿ ಹಾಕಿಕೊಂಡು ಹಾಸಿಗೆ ಸೇರುತ್ತಿದ್ದೆ. ಒಬ್ಬಳಿಗೋಸ್ಕರ ಯಾಕೆ ಒಲೆ ಹಚ್ಚಬೇಕು ಅನಿಸುತ್ತಿತ್ತು. ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ ಅಂತ ನನಗೆ ಅನಿಸಿತು, ತಪ್ಪಾಗಿದ್ದರೆ ಕ್ಷಮಿಸಿ.

ಅದು ಬದಲಾಗಿದ್ದು ಹೀಗೆ. ಒಂದು ಸಂಜೆ ಅಮ್ಮ ಬಂದು ನನ್ನ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ಏನೂ ಅನ್ನಲಿಲ್ಲ. ಮರುದಿನ ಒಂದು ಸೊಪ್ಪಿನ ಕಟ್ಟು ಕೊಟ್ಟು, "ಇದು ಕೆಂಬು, ಹೀಗೆ ಮಾಡಿ, ನನಗೂ ಒಂದು ಬಟ್ಟಲು ಕೊಡಿ" ಅಂದರು. ಕೆಸುವಿನ ದಂಟು ಅದು. ಅವರಿಗೆ ಕೊಡಬೇಕಲ್ಲ ಅಂತ ಮಾಡಿದೆ. ಆಮೇಲೆ ಅಣಬೆ, ಆಮೇಲೆ ಹಲಸಿನ ಬೀಜ. ಪ್ರತಿ ಸಲವೂ "ನನಗೂ ಒಂದು ಬಟ್ಟಲು". ಅವರ ಅಡುಗೆಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ ಅಂತ ನನಗೆ ಗೊತ್ತಾಗಲು ಒಂದು ವರ್ಷ ಹಿಡಿಯಿತು.

2018ರಲ್ಲೂ ಆಗಸ್ಟ್ 3ಕ್ಕೆ ಇಬ್ಬರೂ ಮದ್ದು ತಿಂದಿದ್ದೆವು. ಎರಡು ವಾರವಾಗಿರಲಿಲ್ಲ, ಮಕ್ಕಂದೂರು, ಜೋಡುಪಾಲದ ಕಡೆಯೆಲ್ಲ ಗುಡ್ಡಗಳು ಜಾರಿದವು. ಪರಿಹಾರ ಕೇಂದ್ರವಾಗಿದ್ದ ಒಂದು ಶಾಲೆಯಲ್ಲಿ ನಾನು ಅಡುಗೆಗೆ ಕೈ ಹಚ್ಚಿದೆ. ದಿನಾ ಅನ್ನ, ಸಾಂಬಾರು. ಉಟ್ಟ ಬಟ್ಟೆಯಲ್ಲಿ ಓಡಿಬಂದಿದ್ದ ಒಬ್ಬ ಅಜ್ಜಿ ತಟ್ಟೆ ಹಿಡಿದು ತುಂಬಾ ಹೊತ್ತು ಕೂತಿದ್ದರು. ಉಣ್ಣಲಿಲ್ಲ. ನಾನು ಪಕ್ಕದಲ್ಲಿ ಕೂತೆ. "ಒಲೆ ಮೇಲೆ ಒಟ್ಟಿ ಹಾಕಿದ್ದೆ ಮಗಳೇ, ತೆಗೆಯಲಿಕ್ಕೆ ಆಗಲಿಲ್ಲ" ಅಂದರು. ಒಟ್ಟಿ ಕೆಂಡಕ್ಕೆ ಹಾಕುವಾಗಲೆಲ್ಲ ಅವರ ನೆನಪು ಬರುತ್ತದೆ. ಇವತ್ತೂ ಬಂತು.

ನೀವು ಬೆಂಗಳೂರು, ಮೈಸೂರು ಕಡೆ ಇದ್ದು ಮದ್ದು ಸೊಪ್ಪು ಬೇಕಾದರೆ ಕೊಡಗಿನ ಗುರುತಿನವರನ್ನು ಕೇಳಿ. ಈ ದಿನಗಳಲ್ಲಿ ಬಸ್ಸಿನಲ್ಲಿ ಕಟ್ಟುಗಟ್ಟಲೆ ಹೋಗುತ್ತದೆ. ಮಡಿಕೇರಿಯಲ್ಲಿ ಶುಕ್ರವಾರದ ಸಂತೆಗೂ ಬರುತ್ತದೆ. ಗುರುತು ಇಲ್ಲದೆ ತೋಟದಲ್ಲಿ ಸಿಕ್ಕಿದ ಸೊಪ್ಪು ಕಿತ್ತು ಬೇಯಿಸಬೇಡಿ, ಗೊತ್ತಿರುವವರ ಕೈಯಿಂದಲೇ ತೆಗೆದುಕೊಳ್ಳಿ.

ಅಷ್ಟರಲ್ಲಿ ಊರಿಂದ ಫೋನ್ ಬಂತು. ಅವ್ವ ದಿನಾ ಎಂಟು ಗಂಟೆಗೆ ಮಾಡುತ್ತಾಳೆ. "ಏನ್ ಉಂಡೆ ಮಗ?" ಅಂತ ಕೇಳುತ್ತಾಳೆ. ಮದ್ದು ಪುಟ್ಟು ಅಂದೆ. "ನಂಗೂ ಕಳ್ಸು, ಹೋದ ವರ್ಷ ತಿಂದಾಗ ಮಂಡಿ ನೋವು ಕಮ್ಮಿ ಇತ್ತು" ಅಂದಳು. ನಾಲ್ಕು ತುಂಡು ಡಬ್ಬಿಗೆ ಹಾಕಿ ನಾಳೆ ಬೆಳಗಿನ ಬಸ್ಸಿಗೆ ಕೊಡಬೇಕು.

ಕರೆಂಟು ನಿನ್ನೆಯಿಂದ ಇಲ್ಲ. ದೀಪದ ಬೆಳಕಲ್ಲಿ ಪುಟ್ಟು ಕಪ್ಪಗೆ ಕಾಣುತ್ತಿದೆ, ಚಾಕು ಹಾಕಿದರೆ ಒಳಗೆ ನೇರಳೆ. ಗಟ್ಟಿಯಾಗಿದೆ. ಅಮ್ಮನ ಬಟ್ಟಲಿಗೆ ಮೊದಲು ಬೈಂಬಳೆ ಕರಿ ಹಾಕಿ, ಮೇಲೆ ಎರಡು ಒಟ್ಟಿ ಮುಚ್ಚಿ ಕೊಟ್ಟು ಬರುತ್ತೇನೆ. ಛತ್ರಿ ಬಾಗಿಲಲ್ಲೇ ಇದೆ.