ಸ್ಕ್ವಾಟ್ ಏರಿತು, ಧೀಂಗಿಣ ಯಾಕೆ ಏರಲಿಲ್ಲ?

ಪ್ರಶ್ನೆ: ನನಗೆ 34 ವರ್ಷ, ಡೊಂಬಿವಲಿಯಲ್ಲಿದ್ದೇನೆ. ಭಾನುವಾರ ಬೆಳಿಗ್ಗೆ ಯಕ್ಷಗಾನ ತರಗತಿಗೆ ಹೋಗುತ್ತೇನೆ. ಧೀಂಗಿಣ, ಅಂದರೆ ಹಾರಿ ಹಾರಿ ಸುತ್ತುವ ಕುಣಿತ, ಹಾರುವಾಗ ನಾಲ್ಕು ಸುತ್ತಿಗೇ ಕಾಲು ಸೋಲುತ್ತದೆ ಅಂತ ಜಿಮ್ ಸೇರಿದೆ. ಆರು ವಾರದಲ್ಲಿ ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಕೂತು ಏಳುವುದು) 30 ಕಿಲೋದಿಂದ 50ಕ್ಕೆ ಬಂತು. ತೊಡೆ ಮಾತ್ರ ಇದ್ದಷ್ಟೇ ಇದೆ, ಧೀಂಗಿಣವೂ ಇದ್ದಲ್ಲೇ ಇದೆ. ಜಿಮ್ ಮಾಡಿದರೆ ಮೈ ಬಿಗಿದು ಕುಣಿತ ಕೆಡುತ್ತದೆ ಅಂತಾರೆ ಗುರುಗಳು. ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಮೊದಲು ತೊಡೆಯ ವಿಷಯ. ಶುರುವಿನ ವಾರಗಳಲ್ಲಿ ಏರುವ ಬಲ ಹೆಚ್ಚಾಗಿ ನರಗಳದ್ದು. ಇರುವ ಸ್ನಾಯುವಿನಲ್ಲೇ ಜಾಸ್ತಿ ಎಳೆಗಳನ್ನು ಒಟ್ಟಿಗೆ ಎಬ್ಬಿಸಲು ಮೆದುಳು ಕಲಿಯುತ್ತದೆ. ಸ್ನಾಯು ದಪ್ಪವಾಗುವುದು ಕಣ್ಣಿಗೆ ಕಾಣಲು ಇನ್ನಷ್ಟು ವಾರ ಬೇಕು. 1894ರಲ್ಲೇ ಯೇಲ್ ವಿಶ್ವವಿದ್ಯಾಲಯದಲ್ಲಿ ಒಂದು ಮಜಾ ಸಂಗತಿ ಕಂಡಿತ್ತು: ಒಂದೇ ಕೈಗೆ ವ್ಯಾಯಾಮ ಕೊಟ್ಟರೆ, ಸುಮ್ನೆ ಇದ್ದ ಇನ್ನೊಂದು ಕೈಗೂ ಬಲ ಬರುತ್ತದೆ. ಬಲ ಬರೀ ಸ್ನಾಯುವಿನಲ್ಲಿದ್ದರೆ ಹಾಗಾಗುತ್ತಿರಲಿಲ್ಲ, ಅಲ್ವಾ?

ಅಂದರೆ ಆರು ವಾರ ನೀವೂ ಒಂದು ವಿದ್ಯೆ ಕಲಿತಿದ್ದೀರಿ. ಸ್ಕ್ವಾಟ್ ಹೊಡೆಯುವ ವಿದ್ಯೆ! ಅದರಲ್ಲಿ ಎರಡೂ ಪಾದ ನೆಲದಲ್ಲಿರುತ್ತವೆ, ಮೈ ನಿಧಾನವಾಗಿ ನೇರ ಇಳಿದು ಏಳುತ್ತದೆ. ಧೀಂಗಿಣದಲ್ಲಿ ಹಾರಬೇಕು, ತಿರುಗಬೇಕು, ಚೆಂಡೆಯ ಪೆಟ್ಟಿಗೆ ಸರಿಯಾಗಿ ಕಾಲೂರಬೇಕು. ಇದನ್ನು ನಿಮ್ಮ ಮೆದುಳಿಗೆ ಜಿಮ್‌ನಲ್ಲಿ ಯಾರೂ ಹೇಳಿಕೊಟ್ಟಿಲ್ಲ. ಕಾಲಿನ ಬಲ ನಿಮಗೆ ಸಿಕ್ಕ ಒಳ್ಳೆಯ ಸಾಮಾನು. ಅದನ್ನು ಬಳಸುವುದನ್ನು ಧೀಂಗಿಣ ಹಾರಿಯೇ ಕಲಿಯಬೇಕು.

ಗುರುಗಳ ಮಾತು ಅರ್ಧ ಸರಿ. ಪೂರ್ತಿ ಇಳಿದು ಏಳುವ ಹಾಗೆ ಭಾರ ಎತ್ತಿದರೆ ಮೈ ಬಿಗಿಯುವುದಿಲ್ಲ, ಬಾಗುವ ಗುಣ ಹೆಚ್ಚಲೂಬಹುದು. ಆದರೆ ದಣಿದ ಕಾಲು ತಾಳ ತಪ್ಪುತ್ತದೆ. ನೀವು ಶನಿವಾರ ಸಂಜೆ ಸ್ಕ್ವಾಟ್ ಹೊಡೆದು ಭಾನುವಾರ ತರಗತಿಗೆ ಹೋಗುತ್ತಿದ್ದೀರಾ? ಪತ್ರದಲ್ಲಿ ಬರೆದಿಲ್ಲ, ನನಗಂತೂ ಅದೇ ಅನುಮಾನ. ಭಾರ ಎತ್ತುವುದನ್ನು ಸೋಮವಾರ, ಗುರುವಾರಕ್ಕೆ ಹಾಕಿಕೊಳ್ಳಿ. ವಾರಕ್ಕೊಮ್ಮೆಯ ಕುಣಿತ ಸಾಲದು. ಮೂರ್ನಾಲ್ಕು ದಿನ ಹತ್ತು ನಿಮಿಷ ಧೀಂಗಿಣ ಇರಲಿ, ಜಿಮ್ ದಿನವಾದರೆ ಭಾರಕ್ಕಿಂತ ಮೊದಲೇ. ಎರಡೆರಡು ಸುತ್ತು ಹಾರಿ, ನಿಂತು, ಮತ್ತೆ ಹಾರಿ. ಕಾಲು ತಪ್ಪಲು ಶುರುವಾದರೆ ಅವತ್ತಿಗೆ ಸಾಕು. ಕಲಿತದ್ದು ನಿದ್ದೆಯಲ್ಲಿ ಗಟ್ಟಿಯಾಗುತ್ತದೆ, ಹಾಗಾಗಿ ರಾತ್ರಿ ಒಂದರವರೆಗೆ ಮೊಬೈಲ್ ನೋಡಬೇಡಿ.

ಫ್ಲ್ಯಾಟ್‌ನಲ್ಲಿ ಹಾರಿದರೆ ಕೆಳಗಿನ ಮನೆಯವರು ಬಾಗಿಲು ಬಡಿಯುತ್ತಾರೆ. ತಾರಸಿಗೆ ಹೋಗಿ, ಗೆಜ್ಜೆ ಮನೆಯಲ್ಲೇ ಇರಲಿ. ಕಾಲೂರುವಾಗ ಮಂಡಿ ಚುಚ್ಚಿದರೆ ಹಾರುವುದನ್ನು ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.