ಓದುಗರ ಪ್ರಶ್ನೆ: ಕಲ್ಲಿದ್ದಲಿನೊಳಗಿನ ಗ್ಯಾಸ್ ಲೆಕ್ಕ

ಪ್ರಶ್ನೆ: ಒಂದೇ ಕಲ್ಲಿದ್ದಲು ಪದರಕ್ಕೆ ಒಂದು ವರದಿಯಲ್ಲಿ ಟನ್ನಿಗೆ 9 ಘನ ಮೀಟರ್ ಮೀಥೇನ್ ಎಂದಿದೆ, ಇನ್ನೊಂದರಲ್ಲಿ 6ಕ್ಕೂ ಕಡಿಮೆ. ಯಾವುದನ್ನು ನಂಬಬೇಕು? ಇದನ್ನು ಅಳೆಯುವುದಾದರೂ ಹೇಗೆ?
– ಭೂವಿಜ್ಞಾನ ವಿದ್ಯಾರ್ಥಿನಿ, ಬಸವನಗುಡಿ

ಉತ್ತರ: ಎರಡೂ ಸರಿಯಿರಬಹುದು. 9 ಎಂಬುದು ಸಾಮಾನ್ಯವಾಗಿ ಬೂದಿ, ತೇವಾಂಶ ಕಳೆದು ಹೇಳುವ ಅಂಕಿ. ನಮ್ಮ ಗೊಂಡ್ವಾನಾ ಕಲ್ಲಿದ್ದಲಿನಲ್ಲಿ (ದೇಶದ ಬಹುಪಾಲು ಕಲ್ಲಿದ್ದಲು ಸಿಗುವ ಪ್ರಾಚೀನ ಶಿಲಾಪದರಗಳದು) ಬೂದಿ ಜಾಸ್ತಿ. ಬೂದಿ, ತೇವಾಂಶ ಎರಡೂ ಸೇರಿ ಶೇ 35 ಇದ್ದರೆ ನೆಲದಡಿಯ ಟನ್ನಿಗೆ ಸಿಗುವುದು 5.85 ಮಾತ್ರ. 1 ಚದರ ಕಿ.ಮೀ. ಹರವು, 10 ಮೀಟರ್ ದಪ್ಪ, ಸಾಂದ್ರತೆ 1.5 ಎಂದಿಟ್ಟುಕೊಳ್ಳಿ: 1.5 ಕೋಟಿ ಟನ್. ಬೂದಿ, ತೇವಾಂಶವನ್ನು ಮರೆತು 9ರಿಂದ ಗುಣಿಸಿದರೆ ಇಲ್ಲದ ಗ್ಯಾಸ್ ಸುಮಾರು 4.7 ಕೋಟಿ ಘನ ಮೀಟರ್ ಕಾಗದದ ಮೇಲೆ ಹುಟ್ಟುತ್ತದೆ!

ಅಳತೆಗೆ ಮೂರು ಪಾಲು. ಕೊರೆದು ತೆಗೆದ ಕೋರನ್ನು (ಕಂಬದಾಕಾರದ ಕಲ್ಲಿದ್ದಲಿನ ತುಂಡು) ತಡಮಾಡದೆ ಗಾಳಿಯಾಡದ ಕ್ಯಾನಿಸ್ಟರಿಗೆ ಹಾಕಿ, ಪದರದ ಉಷ್ಣತೆಯ ನೀರಿನ ತೊಟ್ಟಿಯಲ್ಲಿಡುತ್ತಾರೆ. ಹೊರಬರುವ ಗ್ಯಾಸ್ ಅಳತೆಗೊಳವೆಯಲ್ಲಿ ನೀರನ್ನು ಎಷ್ಟು ತಳ್ಳಿತೆಂದು ಮೊದಲ ಗಂಟೆಗಳಲ್ಲಿ ನಿಮಿಷಗಳ ಅಂತರದಲ್ಲಿ, ಆಮೇಲೆ ದಿನಕ್ಕೊಮ್ಮೆ, ವಾರಗಟ್ಟಲೆ ಬರೆದಿಡಬೇಕು. ಕೊನೆಗೆ ತುಂಡನ್ನು ಮುಚ್ಚಿದ ಗಿರಣಿಯಲ್ಲಿ ಪುಡಿ ಮಾಡಿ ಉಳಿಕೆ ಗ್ಯಾಸ್ ಅಳೆಯುತ್ತಾರೆ. ಕೋರ್ ಮೇಲೆ ಬರುವಾಗಲೇ ಸೋರಿಹೋದ ಪಾಲನ್ನು ಮಾತ್ರ ಊಹಿಸಬೇಕು: ಮೊದಲ ಅಳತೆಗಳನ್ನು ಸಮಯದ ವರ್ಗಮೂಲದ ಎದುರು ಗುರುತಿಸಿ, ಗೆರೆಯನ್ನು ಸೊನ್ನೆ ಹೊತ್ತಿಗೆ, ಅಂದರೆ ಗ್ಯಾಸ್ ಸೋರಲು ಶುರುವಾದ ಕ್ಷಣಕ್ಕೆ, ಹಿಂದಕ್ಕೆ ಎಳೆಯಬೇಕು. ಕೆಸರುನೀರು ಬಳಸಿ ಕೊರೆದಿದ್ದರೆ ಕೋರ್ ಅರ್ಧ ದಾರಿ ಮೇಲೇರಿದ ಕ್ಷಣವೇ ಆ ಸೊನ್ನೆ. ಕೊರೆಯುವ ಯಂತ್ರದ (ರಿಗ್) ಬಳಿ ಗಡಿಯಾರ ನೋಡಿ ಬರೆಯುವವರೇ ಇಲ್ಲದಿದ್ದರೆ ಆ ಗೆರೆ ಬರೀ ಅಂದಾಜು. ಕ್ಯಾನಿಸ್ಟರಿನ ರಬ್ಬರ್ ರಿಂಗ್ ಸೋರಿದರಂತೂ ಕಲ್ಲಿದ್ದಲು ಬಡವಾಗಿ ಕಾಣುತ್ತದೆ.

ಪ್ರಶ್ನೆ: ನಮ್ಮ ಸೈಟಿನಲ್ಲಿ ಸಾವಿರ ಅಡಿ ಕೊರೆದರೂ ನೀರಿಲ್ಲ. ಗ್ಯಾಸಾದರೂ ಸಿಕ್ಕೀತೆ?
– ಯಲಹಂಕದ ಓದುಗರು

ಉತ್ತರ: ಇಲ್ಲ. ಲಾಲ್‌ಬಾಗ್ ಬಂಡೆಯಂಥ ನೈಸ್ ಶಿಲೆ ಸುಮಾರು 300 ಕೋಟಿ ವರ್ಷ ಹಳೆಯದು. ಕಲ್ಲಿದ್ದಲಾಗಲು ಬೇಕಾದ ಗಿಡಮರ ಆಗ ಭೂಮಿಯ ಮೇಲೇ ಇರಲಿಲ್ಲ. ನಮಗೆ ಹತ್ತಿರದ ಗೊಂಡ್ವಾನಾ ಕಲ್ಲಿದ್ದಲೆಂದರೆ ತೆಲಂಗಾಣದ ಗೋದಾವರಿ ಕಣಿವೆಯದು.

ಪ್ರಶ್ನೆ: ಗ್ಯಾಸ್ ಹೇರಳವಾಗಿರುವ ಪದರದಲ್ಲೂ ಬಾವಿ ತಿಂಗಳುಗಟ್ಟಲೆ ನೀರನ್ನೇ ಕೊಡುತ್ತದಂತೆ. ಏಕೆ?
– ರಾಜಾಜಿನಗರದ ಓದುಗರು

ಉತ್ತರ: ಮೀಥೇನ್ ಕಲ್ಲಿದ್ದಲಿನ ಸೂಕ್ಷ್ಮ ರಂಧ್ರಗಳ ಗೋಡೆಗೆ ಅಂಟಿಕೊಂಡಿರುತ್ತದೆ, ಹಿಡಿದಿಡುವುದು ನೀರಿನ ಒತ್ತಡ. 600 ಮೀಟರ್ ಆಳದಲ್ಲಿ ಅದು ಸುಮಾರು 60 ಬಾರ್ (1 ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡ). ಪದರದಲ್ಲಿರುವ ಗ್ಯಾಸ್ 30 ಬಾರ್‌ನಲ್ಲಿ ಹಿಡಿಸುವಷ್ಟೇ ಆಗಿದ್ದರೆ, ಪಂಪ್ ಮಾಡಿ ಒತ್ತಡವನ್ನು 30ಕ್ಕೆ ಇಳಿಸುವವರೆಗೆ ಗುಳ್ಳೆಯೂ ಬಿಡುವುದಿಲ್ಲ. ಹಾಗಾಗಿ ಯಾವ ಒತ್ತಡದಲ್ಲಿ ಎಷ್ಟು ಗ್ಯಾಸ್ ಹಿಡಿಸುತ್ತದೆಂದು ತೋರಿಸುವ ಲ್ಯಾಬಿನ ಹೀರಿಕೆ ರೇಖೆಯನ್ನೂ ಕ್ಯಾನಿಸ್ಟರಿನ ಅಂಕಿಯನ್ನೂ ಒಟ್ಟಿಗೆ ನೋಡಬೇಕು. ಅವಸರಪಟ್ಟು ಒಮ್ಮೆಲೇ ನೀರೆತ್ತಿದರೆ ಕಲ್ಲಿದ್ದಲಿನ ಪುಡಿ ಬಂದು ಪಂಪ್ ಕಟ್ಟಿಕೊಳ್ಳುತ್ತದೆ, ಸಹಜ ಬಿರುಕುಗಳೂ ಹಿಸುಕಿಹೋಗುತ್ತವೆ. ಆ ಬಿರುಕುಗಳ ಹರಿವಿನ ಸಾಮರ್ಥ್ಯ 1 ಮಿಲಿಡಾರ್ಸಿಗಿಂತ (ಶಿಲೆಯೊಳಗೆ ದ್ರವ, ಅನಿಲ ಎಷ್ಟು ಸಲೀಸಾಗಿ ಹರಿಯುತ್ತದೆಂದು ಅಳೆಯುವ ಮಾನ) ಕಡಿಮೆ ಎಂದು ಪರೀಕ್ಷೆಯಲ್ಲಿ ಬಂದರೆ, ಟನ್ನಿಗೆ ಎಷ್ಟೇ ಗ್ಯಾಸ್ ಇರಲಿ, ನಾವಾದರೆ ಎರಡನೇ ಬಾವಿಗೆ ದುಡ್ಡು ಹಾಕುವ ಮೊದಲು ಮತ್ತೊಮ್ಮೆ ಯೋಚಿಸುತ್ತೇವೆ.