ಧಾರವಾಡದ ರೂಮಿನಲ್ಲಿದ್ದೀರಿ, ವಾರಕ್ಕೆ ಕೈಗೆ ಬರುವ ₹500 ಊಟಕ್ಕೆ ಸಾಲುತ್ತಿಲ್ಲ ಎಂದು ಬರೆದಿದ್ದೀರಿ

ಗುರುವಾರಕ್ಕೇ ದುಡ್ಡು ಮುಗಿಯುತ್ತಿದ್ದರೆ ಕಾರಣ ಊಟವಲ್ಲ, ಬಹುಶಃ ಸಂಜೆಯ ಚಹಾ, ಮಿರ್ಚಿ, ಗಿರಮಿಟ್. ಹಸಿವು ಹೊರಗಿದ್ದಾಗಲೇ ಜಾಸ್ತಿ, ಅಲ್ವಾ?

ದುಡ್ಡು ಕೈಗೆ ಬಂದ ದಿನವೇ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದಿಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ರೊಟ್ಟಿ ವಾರವಿಡೀ ಕೆಡುವುದಿಲ್ಲ, ಒಲೆಯೂ ಬೇಡ. ರಾತ್ರಿ ಹೆಸರುಕಾಳು ನೆನೆಸಿ, ಮರುದಿನ ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಬಂದ ಮೇಲೆ ಹಸಿ ಉಳ್ಳಾಗಡ್ಡಿ ಸೇರಿಸಿದರೆ ಪಲ್ಯದ ಖರ್ಚು ಉಳಿಯುತ್ತದೆ. ಬರೀ ರೊಟ್ಟಿ-ಚಟ್ನಿಯಲ್ಲೇ ದಿನ ದೂಡಬೇಡಿ, ಮೈಗೆ ಬಲ ಬೇಕು. ತರಕಾರಿಗೆ ಸಂತೆ ಮುಗಿಯುವ ಹೊತ್ತಿಗೆ ಹೋಗಿ, ದರ ಇಳಿದಿರುತ್ತದೆ.

ರೂಮಿನಲ್ಲಿ ಗ್ಯಾಸ್ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ರಾತ್ರಿ ಅಕ್ಕಿ-ಹೆಸರುಬೇಳೆ ಕಿಚಡಿ. ಇಲ್ಲದಿದ್ದರೆ ಇಂದಿರಾ ಕ್ಯಾಂಟೀನ್‌ನಲ್ಲಿ ತಿಂಡಿ ₹5, ಊಟ ₹10. ಸ್ವಲ್ಪ ಬೇಗ ಹೋಗಿ.